ಕಕ್ಕಬ್ಬೆಯ ಮಳೆಗಾಲಕ್ಕೆ ಎರಡು ಸ್ವಿಚ್, ಎರಡು ಫಿಫಾ: ಒಂದು ಪ್ರಕರಣ ಅಧ್ಯಯನ

ಕೊಡಗಿನ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಕಕ್ಕಬ್ಬೆ ಕಡೆಯ ಕಾಫಿ ತೋಟದೊಳಗೆ ಒಂದು ಹೋಮ್‌ಸ್ಟೇ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಬೆಟ್ಟ ಹತ್ತಲೆಂದು ಬಂದ ಕುಟುಂಬಗಳು ಜಗಲಿಯಲ್ಲೇ ಕೂತು, ತಿಂದುಂಡು ವಾಪಸಾಗುವುದು ಇಲ್ಲಿ ಮಾಮೂಲು. ಮಕ್ಕಳಿಗೆ ಬೇಜಾರಾಗದಿರಲಿ ಎಂದು ಮನೆಯವರು ಎರಡು ಸೆಕೆಂಡ್ ಹ್ಯಾಂಡ್ ನಿಂಟೆಂಡೊ ಕನ್ಸೋಲ್, ಅಂದರೆ ವಿಡಿಯೋ ಗೇಮ್ ಆಡುವ ಯಂತ್ರ, ತಂದರು. ಒಂದು 2017ರ ಮೂಲ ಸ್ವಿಚ್, ಇನ್ನೊಂದು ಸ್ವಿಚ್ ಲೈಟ್. ಜೊತೆಗೆ ಫುಟ್‌ಬಾಲ್ ಆಟವಿರುವ ಎರಡು ಗೇಮ್ ಕಾರ್ಡ್: ಒಂದು ಫಿಫಾ 20, ಒಂದು ಫಿಫಾ 21. ಎರಡರ ಮೇಲೂ ‘ಲೆಗಸಿ ಎಡಿಷನ್’ ಎಂದು ಅಚ್ಚಾಗಿತ್ತು. ಅದರ ಅರ್ಥವನ್ನು ಅಂಗಡಿಯವನು ಹೇಳಲಿಲ್ಲ, ಇವರೂ ಕೇಳಲಿಲ್ಲ.

ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಐದು ದೂರುಗಳು ಗುಡ್ಡೆಬಿದ್ದವು. ಆಟ ಹಳೆಯದು. ಎರಡು ಕನ್ಸೋಲ್ ಒಂದಕ್ಕೊಂದು ಸೇರುತ್ತಿಲ್ಲ. ಆನ್‌ಲೈನ್ ಆಗುತ್ತಿಲ್ಲ. ಆಟಗಾರ ತಾನಾಗಿಯೇ ನಡೆಯುತ್ತಾನೆ. ಒಮ್ಮೊಮ್ಮೆ ಕಾರ್ಡನ್ನೇ ಓದುವುದಿಲ್ಲ. ಮನೆಯವರ ತೀರ್ಮಾನ: ಮೋಸ ಹೋದೆವು, ಎರಡನ್ನೂ ಮಾರಿಬಿಡೋಣ. ಐದನ್ನೂ ಬೇರೆ ಬೇರೆಯಾಗಿ ನೋಡಿದರೆ ಕೆಲವು ಆಟದ ತಪ್ಪು, ಕೆಲವು ಖರೀದಿಯ ತಪ್ಪು, ಕೆಲವು ಕೊಡಗಿನ ಹವೆಯ ತಪ್ಪು.

‘ಲೆಗಸಿ’ ಅಂದರೇನು

ಸ್ವಿಚ್‌ಗೆ ಮೊದಲು ಬಂದದ್ದು ಫಿಫಾ 18, 2017ರ ಸೆಪ್ಟೆಂಬರ್ 29ರಂದು. ಕನ್ಸೋಲ್ ಮಾರುಕಟ್ಟೆಗೆ ಬಂದು ಏಳು ತಿಂಗಳೂ ಆಗಿರಲಿಲ್ಲ. ಸೋನಿಯ ಪ್ಲೇಸ್ಟೇಷನ್ 4ರ ಫಿಫಾ ನಡೆಯುತ್ತಿದ್ದ ಫ್ರಾಸ್ಟ್‌ಬೈಟ್ ಎಂಜಿನ್ (ಆಟವನ್ನು ನಡೆಸುವ ಮೂಲ ಸಾಫ್ಟ್‌ವೇರ್) ಇದರಲ್ಲಿ ಇರಲಿಲ್ಲ. ಸ್ವಿಚ್‌ಗೆಂದೇ ಬೇರೆ ಎಂಜಿನ್ ಹೊಂದಿಸಿದ್ದರು. ಚಿತ್ರದ ಸ್ಪಷ್ಟತೆ ಕೈಯಲ್ಲಿ ಹಿಡಿದರೆ 720ಪಿ, ಟಿವಿಗೆ ಹಾಕಿದರೆ 1080ಪಿ, ಎರಡರಲ್ಲೂ ಸೆಕೆಂಡಿಗೆ 60 ಫ್ರೇಮ್. ಕಥೆಯಿರುವ ‘ದಿ ಜರ್ನಿ’ ವಿಭಾಗ ಇಲ್ಲ, ಆನ್‌ಲೈನ್‌ನಲ್ಲಿ ಗೆಳೆಯನನ್ನು ಕರೆದು ಆಡುವ ಸೌಲಭ್ಯವೂ ಇಲ್ಲ. ಆದರೂ ವಿಮರ್ಶಕರು ಒಟ್ಟಾರೆ ಒಳ್ಳೆಯ ಮಾತೇ ಆಡಿದರು. ಒಂದು ತಂಡವನ್ನು ವರ್ಷಗಟ್ಟಲೆ ನಡೆಸುವ ಕೆರಿಯರ್ ಮೋಡ್ ಸಮೇತ ಒಂದು ಪೂರ್ಣ ಫಿಫಾ ಕೈಯಲ್ಲಿ ಹಿಡಿದು ಆಡುವಂತಾಗಿತ್ತು, ಅದೂ ಮುಗ್ಗರಿಸದೆ. ಮೊದಲ ವರ್ಷದ ಕೊರತೆ ಮುಂದಿನ ವರ್ಷ ತುಂಬೀತು ಎಂಬ ನಂಬಿಕೆ ಆ ಮಾತುಗಳ ಹಿಂದಿತ್ತು.

ಫಿಫಾ 19ರಲ್ಲಿ ಸ್ವಲ್ಪ ತುಂಬಿತು ಕೂಡ. ಚಾಂಪಿಯನ್ಸ್ ಲೀಗ್ ಬಂತು, ಗೆಳೆಯರ ಜೊತೆ ಆನ್‌ಲೈನ್ ಆಟ ಬಂತು. ಬೆಳವಣಿಗೆ ಅಲ್ಲಿಗೇ ನಿಂತಿತು. 2019ರ ಸೆಪ್ಟೆಂಬರ್‌ನಲ್ಲಿ ಬಂದ ಫಿಫಾ 20ಕ್ಕೆ ‘ಲೆಗಸಿ ಎಡಿಷನ್’ ಎಂಬ ಹಣೆಪಟ್ಟಿ ಬಿತ್ತು. ಆಟದ ನಡೆಯಲ್ಲಿ ಹೊಸದೇನೂ ಇರುವುದಿಲ್ಲ, ತಂಡಗಳ ಪಟ್ಟಿ, ಜೆರ್ಸಿ, ಪರದೆಯ ವಿನ್ಯಾಸ ಮಾತ್ರ ಹೊಸದು ಎಂದು ಪ್ರಕಾಶಕರಾದ ಇಎ ಅವರೇ ಹೇಳಿದ್ದರು. ಆ ವರ್ಷ ದೊಡ್ಡ ಕನ್ಸೋಲ್‌ಗಳಲ್ಲಿ ಸದ್ದು ಮಾಡಿದ ಬೀದಿ ಫುಟ್‌ಬಾಲ್ ವಿಭಾಗ ‘ವೋಲ್ಟಾ’ ಸ್ವಿಚ್‌ಗೆ ಬರಲೇ ಇಲ್ಲ. ಫಿಫಾ 21, 22, 23 ಕೂಡ ಇದೇ ದಾರಿ ಹಿಡಿದವು. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಮುಗಿದು ಅಕ್ಟೋಬರ್‌ನ ಕಾವೇರಿ ಸಂಕ್ರಮಣ ಬರುವ ಮೊದಲು, ವರ್ಷಕ್ಕೊಂದು ಕಾರ್ಡ್. ಒಳಗೆ 2018ರ ಆಟ.

ಈ ಹಣೆಪಟ್ಟಿ ಸ್ವಿಚ್‌ನಲ್ಲಿ ಹುಟ್ಟಿದ್ದೂ ಅಲ್ಲ. ಸೋನಿಯ ಕೈಯಲ್ಲಿ ಹಿಡಿಯುವ ಕನ್ಸೋಲ್ ಪಿಎಸ್‌ಪಿಗೆ ಬಂದ ಕೊನೆಯ ಫಿಫಾ ಆದ ಫಿಫಾ 14ಕ್ಕೆ ಇದೇ ಹೆಸರಿತ್ತು. ಅದರ ನಂತರ ಬಂದ ಪಿಎಸ್ ವೀಟಾದ ಕಥೆಯೂ ಹೀಗೆಯೇ: 2012ರಲ್ಲಿ ಕನ್ಸೋಲ್ ಜೊತೆಗೇ ಬಂದ ಫಿಫಾವನ್ನು ಜನ ಮೆಚ್ಚಿದರು, ಬೆನ್ನಿನ ಟಚ್‌ಪ್ಯಾಡ್‌ಗೆ ಬೆರಳು ತಗುಲಿದರೆ ಚೆಂಡು ಗೋಲಿನತ್ತ ಹಾರುತ್ತದೆ ಎಂಬ ಕಿರಿಕಿರಿ ಬಿಟ್ಟರೆ. ಅದೇ ವರ್ಷ ಬಂದ ಫಿಫಾ 13 ಮಾತ್ರ, ತಂಡಗಳ ಪಟ್ಟಿ ಬದಲಿಸಿ ಅದೇ ಆಟ ಕೊಟ್ಟಿದ್ದೀರಿ ಎಂದು ಬೈಸಿಕೊಂಡಿತು. ಹಳೆಯ ಆಟಗಾರರಿಗೆ ‘ಲೆಗಸಿ’ ಎಂದು ಕಂಡ ಕೂಡಲೇ ಈ ಸಾಲಿಗೆ ಇನ್ನು ಹೊಸದೇನೂ ಬರುವುದಿಲ್ಲ ಎಂಬುದು ಗೊತ್ತಾಗುತ್ತದೆ.

ವಿಮರ್ಶಕರ ಸಿಟ್ಟು ತಾರಕಕ್ಕೇರಿದ್ದು ಫಿಫಾ 21ರಲ್ಲಿ. ವಿಡಿಯೋ ಗೇಮ್ ವಿಮರ್ಶೆಯ ಐಜಿಎನ್ ಜಾಲತಾಣ ಹಿಂದಿನ ವರ್ಷದ ವಿಮರ್ಶೆಯನ್ನೇ ಮತ್ತೆ ಹಾಕಿ 10ಕ್ಕೆ 2 ಅಂಕ ಕೊಟ್ಟಿತು. ಹಳೆಯ ಆಟವನ್ನೇ ಮತ್ತೆ ಮಾರುವವರಿಗೆ ಹಳೆಯ ವಿಮರ್ಶೆಯೇ ಸಾಕು ಎಂಬ ಲೆಕ್ಕ. ನಗು ಬರಿಸಿದರೂ ನ್ಯಾಯವಾದ ಏಟು ಅದು. ಆದರೆ ಆ ಎರಡು ಅಂಕ ಚೆಂಡಿನ ಓಟಕ್ಕೆ ಬಿದ್ದದ್ದಲ್ಲ, ಹೊಸ ಆಟದ ಹೆಸರಿನಲ್ಲಿ ದುಡ್ಡು ಕೇಳಿದ್ದಕ್ಕೆ ಬಿದ್ದದ್ದು. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ಈ ವ್ಯತ್ಯಾಸ ಮರೆಯಬಾರದು. ಈ ಹೋಮ್‌ಸ್ಟೇಯವರು ಅಂಕಗಳನ್ನು ನಂತರ ಓದಿ ಗಾಬರಿಯಾದರು. ಅವರು ಕೊಟ್ಟಿದ್ದು ಹೊಸ ಆಟದ ಬೆಲೆಯ ಒಂದು ಪಾಲು ಮಾತ್ರ, ಗಾಬರಿಗೆ ಕಾರಣವಿರಲಿಲ್ಲ.

ಯಾರಿಗೆ ಹಳೆಯದು

ಇದೇ ಮನೆಯಲ್ಲಿ ಆಟಕ್ಕೆ ಎರಡು ಬಗೆಯ ಸ್ವಾಗತ ಸಿಕ್ಕಿತು. ಬೆಂಗಳೂರಿನಿಂದ ಬರುವ ಮಕ್ಕಳ ಮನೆಯಲ್ಲಿ ಪ್ಲೇಸ್ಟೇಷನ್ 5 ಇರುತ್ತದೆ. ಅವರು ಐದೇ ನಿಮಿಷದಲ್ಲಿ ಪತ್ತೆ ಹಚ್ಚುತ್ತಾರೆ: “ಆಂಟಿ, ಇದು ಫಿಫಾ 19ಕ್ಕೇ ಬೇರೆ ಡ್ರೆಸ್ ಹಾಕಿದ್ದಾರೆ.” ಭಾನುವಾರ ಮನೆಯ ಮಗನ ಜೊತೆ ಬರುವ ಲೈನ್‌ಮನೆ (ತೋಟದ ಕಾರ್ಮಿಕರ ಸಾಲುಮನೆ) ಹುಡುಗರಿಗೆ ಎಂಜಿನ್ನಿನ ಗೊಡವೆಯೇ ಇಲ್ಲ. ಮೈದಾನ ಕೆಸರಾದಾಗ ಇದಾದರೂ ಉಂಟಲ್ಲ ಎನ್ನುವವರು ಅವರು. ಅವರ ತಕರಾರು ಬೇರೆ: ಕೇರಳ ಬ್ಲಾಸ್ಟರ್ಸ್ ಎಲ್ಲಿ? ಬೆಂಗಳೂರು ಎಫ್‌ಸಿ ಎಲ್ಲಿ? ಈ ತಂಡಗಳು ಆಡುವ ಇಂಡಿಯನ್ ಸೂಪರ್ ಲೀಗ್ ಈ ಸರಣಿಗೆ ಸೇರಿದ್ದೇ ಫಿಫಾ 22ರಲ್ಲಿ. 20 ಮತ್ತು 21ರ ಕಾರ್ಡ್‌ಗಳಲ್ಲಿ ಎಷ್ಟು ತಡಕಿದರೂ ಅದು ಸಿಗದು. (ಮನೆಯ ಹಿರಿಯರ ತಕರಾರು ಇನ್ನೂ ಬೇರೆ: ಹಾಕಿ ಆಟ ಯಾಕಿಲ್ಲ? ಕೊಡಗಿನಲ್ಲಿ ಈ ಪ್ರಶ್ನೆ ಬರಲೇಬೇಕು.)

ಹಳೆಯ ಆಟವಾದರೂ ಹೊಸಬರ ಕೈಗೆ ಸುಲಭವಾಗಿ ಹೊಂದಿಸಿಕೊಡಬಹುದು. ಇಲ್ಲಿ ಮಾಡಿದ್ದು ಇಷ್ಟು: ಅರ್ಧಾವಧಿ 4 ನಿಮಿಷಕ್ಕೆ, ಕಷ್ಟದ ಮಟ್ಟ ‘ಅಮೆಚೂರ್’ಗೆ. ಒಂದು ಪಂದ್ಯ ಹತ್ತು ಹನ್ನೆರಡು ನಿಮಿಷದಲ್ಲಿ ಮುಗಿಯುತ್ತದೆ, ಸರದಿಗಾಗಿ ಜಗಳವಿಲ್ಲ. ಬಟನ್ ಚೀಟಿಯೊಂದನ್ನು ಬರೆದು ಟಿವಿ ಪಕ್ಕ ಅಂಟಿಸಿದರು: ಕೆಳಗಿನ ಬಿ ಪಾಸ್, ಬಲಗಡೆಯ ಎ ಶಾಟ್, ಎಡಗಡೆಯ ವೈ ಎತ್ತಿ ಹೊಡೆಯಲು, ಮೇಲಿನ ಎಕ್ಸ್ ಥ್ರೂ ಬಾಲ್, ಜಡ್‌ಆರ್ ಓಟ. ಪ್ಲೇಸ್ಟೇಷನ್ ರೂಢಿಯಿರುವ ಮಕ್ಕಳಿಗೆ ಒಂದು ಮಾತು ಹೇಳಬೇಕು. ಸ್ವಿಚ್‌ನ ಹಿಂಬದಿಯ ಬಟನ್‌ಗಳಾದ ಜಡ್‌ಎಲ್, ಜಡ್‌ಆರ್ ಒತ್ತಿದಷ್ಟು ಹೆಚ್ಚುವ ಬಗೆಯವಲ್ಲ. ಒತ್ತಿದರೆ ಪೂರ್ತಿ, ಬಿಟ್ಟರೆ ಸೊನ್ನೆ. ಒಂದು ಜಾಯ್‌ಕಾನ್ (ಸ್ವಿಚ್‌ನ ಎರಡು ಬದಿಗೆ ಕೂರುವ, ಕಳಚಬಲ್ಲ ಪುಟ್ಟ ಕಂಟ್ರೋಲರ್) ಜೋಡಿಯನ್ನು ಅಡ್ಡಡ್ಡ ಹಿಡಿದು ಇಬ್ಬರು ಹಂಚಿಕೊಂಡು ಆಡಬಹುದು, ಆದರೆ ಆಗ ಒಬ್ಬೊಬ್ಬರಿಗೆ ಒಂದೇ ಸ್ಟಿಕ್ ಉಳಿಯುತ್ತದೆ. ಬಲ ಸ್ಟಿಕ್‌ನಿಂದ ಮಾಡುವ ಕೈಚಳಕಗಳೆಲ್ಲ ಹೋಗುತ್ತವೆ. ಚಿಕ್ಕವರಿಗೆ ಇದೇ ಸಾಕು. ದೊಡ್ಡ ಹುಡುಗರಿಗೆ ಎರಡನೆಯ ಪೂರ್ಣ ಕಂಟ್ರೋಲರ್ ಬೇಕೇ ಬೇಕು.

ಎರಡು ಕನ್ಸೋಲ್ ಯಾಕೆ ಸೇರಲಿಲ್ಲ

ಇದು ಖರೀದಿಯ ಮೊದಲ ತಪ್ಪು. ಹತ್ತಿರದಲ್ಲಿರುವ ಎರಡು ಸ್ವಿಚ್‌ಗಳನ್ನು ಇಂಟರ್‌ನೆಟ್ ಇಲ್ಲದೆ ನೇರವಾಗಿ ಜೋಡಿಸಿ ಆಡಬಹುದು. ಅದಕ್ಕೆ ಎರಡರಲ್ಲೂ ಒಂದೇ ಆವೃತ್ತಿಯ ಆಟ, ತಲಾ ಒಂದು ಪ್ರತಿ ಇರಬೇಕು. ಒಳಗಿನ ಆಟ ಹೆಚ್ಚುಕಡಿಮೆ ಒಂದೇ ಆದರೂ ಫಿಫಾ 20 ಮತ್ತು 21 ಕನ್ಸೋಲ್ ಲೆಕ್ಕದಲ್ಲಿ ಬೇರೆ ಬೇರೆ ಆಟಗಳು. ಎರಡು ಬೇರೆ ಆವೃತ್ತಿ ತಂದರೆ ವೈವಿಧ್ಯ ಇರುತ್ತದೆ ಎಂದುಕೊಂಡದ್ದೇ ಎಡವಟ್ಟಾಯಿತು.

ಆವೃತ್ತಿ ಒಂದೇ ಆದಮೇಲೂ ಒಂದು ತೊಡಕು ಎದುರಾಗಬಹುದು: ಒಂದರಲ್ಲಿ ಅಪ್‌ಡೇಟ್ ಆಗಿ ಇನ್ನೊಂದರಲ್ಲಿ ಆಗದಿದ್ದರೆ ಜೋಡಣೆ ಆಗುವುದಿಲ್ಲ. ಕಕ್ಕಬ್ಬೆಯಂಥ ಕಡೆ ಎರಡೆರಡು ಬಾರಿ ಡೌನ್‌ಲೋಡ್ ಮಾಡುತ್ತ ಕೂರುವ ಅಗತ್ಯವಿಲ್ಲ. ಪೇಟೆಗೆ ಹೋದಾಗ ಒಂದು ಕನ್ಸೋಲ್‌ನಲ್ಲಿ ಅಪ್‌ಡೇಟ್ ಇಳಿಸಿಕೊಂಡು ಬನ್ನಿ. ಮನೆಯಲ್ಲಿ ಎರಡರಲ್ಲೂ ಆಟದ ಚಿತ್ರದ ಮೇಲೆ ನಿಂತು ಪ್ಲಸ್ ಬಟನ್ ಒತ್ತಿ, ‘ಸಾಫ್ಟ್‌ವೇರ್ ಅಪ್‌ಡೇಟ್’ ಒಳಗೆ ‘ಮ್ಯಾಚ್ ವರ್ಷನ್ ವಿತ್ ಲೋಕಲ್ ಯೂಸರ್ಸ್’ ಆರಿಸಿ. ಒಂದರಿಂದ ಇನ್ನೊಂದಕ್ಕೆ ಗಾಳಿಯಲ್ಲೇ ಹೋಗುತ್ತದೆ, ಮೊಬೈಲ್ ಡೇಟಾ ಒಂದು ಚೂರೂ ಖರ್ಚಾಗುವುದಿಲ್ಲ. ಸ್ವಿಚ್ ಇಟ್ಟುಕೊಂಡವರಲ್ಲೇ ಹಲವರಿಗೆ ಈ ಸೌಲಭ್ಯ ಗೊತ್ತಿಲ್ಲ.

ಎರಡನೆಯ ತಪ್ಪು ಸ್ವಿಚ್ ಲೈಟ್. ಬೆಲೆ ಕಡಿಮೆ ಎಂದು ತಂದದ್ದು. ಅದು ಟಿವಿಗೆ ಸೇರುವುದಿಲ್ಲ, ಪರದೆ 5.5 ಇಂಚು, ಕಂಟ್ರೋಲರ್ ಕಳಚಲು ಬರುವುದಿಲ್ಲ. ಒಬ್ಬನೇ ಬಸ್ಸಿನಲ್ಲಿ ಕೂತು ಆಡಲು ಚೆಂದ. ಮನೆ ತುಂಬ ಮಕ್ಕಳಿರುವ ಕಡೆ ಅರ್ಧ ಕೆಲಸದ್ದು. ಮೂಲ ಸ್ವಿಚ್ ಕೊಳ್ಳುವಾಗ ತಿರುಗಿಸಿ ಸೀರಿಯಲ್ ನಂಬರ್ ನೋಡಬೇಕು. ಎಕ್ಸ್‌ಎಡಬ್ಲ್ಯು ಎಂದು ಶುರುವಾದರೆ 2017ರ ಹಳೆಯದು, ಬ್ಯಾಟರಿ ಎರಡೂವರೆಯಿಂದ ಆರೂವರೆ ಗಂಟೆ. ಎಕ್ಸ್‌ಕೆಡಬ್ಲ್ಯು ಎಂದಿದ್ದರೆ 2019ರ ನಂತರದ್ದು, ನಾಲ್ಕೂವರೆಯಿಂದ ಒಂಬತ್ತು ಗಂಟೆ. ಎರಡರ ಬ್ಯಾಟರಿಯೂ 4,310 ಎಂಎಎಚ್. ಬದಲಾದದ್ದು ಒಳಗಿನ ಚಿಪ್. ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು ದಿನ ಕರೆಂಟ್ ಬಾರದ ಊರಿನಲ್ಲಿ ಈ ಅಂತರ ಸಣ್ಣದಲ್ಲ. ಇನ್ವರ್ಟರ್‌ನಲ್ಲಿ ಟಿವಿ, ಡಾಕ್ (ಸ್ವಿಚ್ಚನ್ನು ಟಿವಿಗೆ ಜೋಡಿಸುವ ಪೀಠ) ಎರಡನ್ನೂ ಓಡಿಸುವ ಬದಲು ಕನ್ಸೋಲನ್ನು ಮೇಜಿನ ಮೇಲೆ ನಿಲ್ಲಿಸಿ ಪವರ್ ಬ್ಯಾಂಕ್‌ನಿಂದ ಯುಎಸ್‌ಬಿ-ಸಿ ವೈರ್ ಕೊಟ್ಟರೆ ಸಂಜೆ ಕಳೆಯುತ್ತದೆ. ಗುಡುಗು ಇರುವಾಗ ಡಾಕ್‌ನ ಪ್ಲಗ್ ಕಿತ್ತಿಡಿ, ಇದಕ್ಕೆ ವಾದವಿಲ್ಲ.

ಆನ್‌ಲೈನ್ ದೂರಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 2018ರ ಸೆಪ್ಟೆಂಬರ್‌ನಿಂದ ಸ್ವಿಚ್‌ನಲ್ಲಿ ಆನ್‌ಲೈನ್ ಆಟಕ್ಕೆ ಚಂದಾ ಬೇಕು, ಆಟಗಾರರನ್ನು ಕೂಡಿಸಿ ಸ್ವಂತ ತಂಡ ಕಟ್ಟುವ ‘ಅಲ್ಟಿಮೇಟ್ ಟೀಮ್’ ವಿಭಾಗಕ್ಕೆ ಇಎ ಸರ್ವರ್ ಬೇಕು, ಹಳೆಯ ಆವೃತ್ತಿಗಳ ಸರ್ವರ್‌ಗಳನ್ನು ಇಎ ಒಂದೊಂದಾಗಿ ಮುಚ್ಚುತ್ತ ಬಂದಿದೆ. ಮಳೆಗೆ ಟವರ್ ಕೈಕೊಡುವ ಕಡೆ ಇದರ ಆಸೆ ಬಿಡುವುದೇ ಲೇಸು. ಕಿಕ್ ಆಫ್, ಟೂರ್ನಿ, ಕೆರಿಯರ್ ಇವೆಲ್ಲ ನೆಟ್ ಇಲ್ಲದೆ ನಡೆಯುತ್ತವೆ, ಈ ಮನೆಗೆ ಬೇಕಾದ್ದೂ ಅಷ್ಟೇ.

ತಾನಾಗಿ ನಡೆಯುವ ಆಟಗಾರ

ಮೊದಲು ಗಮನಕ್ಕೆ ಬಂದದ್ದು ಮೈದಾನದಲ್ಲಲ್ಲ, ತಂಡ ಆರಿಸುವ ಪರದೆಯಲ್ಲಿ. ಯಾರೂ ಮುಟ್ಟದಿದ್ದರೂ ತಂಡಗಳ ಹೆಸರು ಎಡಕ್ಕೆ ಜಾರುತ್ತಲೇ ಇತ್ತು. ಬಾರ್ಸಿಲೋನಾ ಬೇಕೆಂದವನಿಗೆ ಇನ್ಯಾವುದೋ ತಂಡ. ಮೈದಾನದಲ್ಲಿ ಡಿಫೆಂಡರ್ ತನ್ನ ಜಾಗ ಬಿಟ್ಟು ಮೆಲ್ಲಗೆ ಅಂಚಿನ ಕಡೆ ಸರಿಯುತ್ತಿದ್ದ. ಮಕ್ಕಳು ಆಟವನ್ನು ಬೈದರು. ತಪ್ಪು ಎಡ ಜಾಯ್‌ಕಾನ್‌ನ ಸ್ಟಿಕ್‌ನದ್ದು.

ಆ ಪುಟ್ಟ ಸ್ಟಿಕ್‌ನ ತಳದಲ್ಲಿ ಕಾರ್ಬನ್ ಲೇಪದ ಪಟ್ಟಿಗಳಿವೆ. ಲೋಹದ ಸಣ್ಣ ನಾಲಿಗೆಯೊಂದು ಅದರ ಮೇಲೆ ಉಜ್ಜುತ್ತ ಸ್ಟಿಕ್ ಎಷ್ಟು ಬಾಗಿದೆ ಎಂದು ಹೇಳುತ್ತದೆ. ಉಜ್ಜಿ ಉಜ್ಜಿ ಲೇಪ ಸವೆಯುತ್ತದೆ, ಪುಡಿ ಅಲ್ಲೇ ಕೂರುತ್ತದೆ, ಸ್ಟಿಕ್ ನಡುವಿನಲ್ಲಿದ್ದರೂ ಬಾಗಿದೆ ಎಂಬ ಸುದ್ದಿ ಹೋಗುತ್ತದೆ. ಫುಟ್‌ಬಾಲ್ ಆಟದಲ್ಲಿ ಎಡ ಸ್ಟಿಕ್‌ಗೆ ಒಂದು ಕ್ಷಣವೂ ಬಿಡುವಿಲ್ಲ. ಹಾಗಾಗಿ ಸವೆತ ಇಲ್ಲಿ ಬೇಗ. ತೇವ ಸೇರಿದರೆ ಪುಡಿ ಹಿಟ್ಟಿನಂತೆ ಕಟ್ಟಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ‘ಸಿಸ್ಟಮ್ ಸೆಟ್ಟಿಂಗ್ಸ್’, ‘ಕಂಟ್ರೋಲರ್ಸ್ ಅಂಡ್ ಸೆನ್ಸರ್ಸ್’, ‘ಕ್ಯಾಲಿಬ್ರೇಟ್ ಕಂಟ್ರೋಲ್ ಸ್ಟಿಕ್ಸ್’. ಕೈ ಬಿಟ್ಟಾಗ ಚುಕ್ಕೆ ನಡುವಿನಲ್ಲೇ ನಿಲ್ಲಬೇಕು. ಸ್ವಲ್ಪ ಸರಿದಿದ್ದರೆ ಅಲ್ಲೇ ಸರಿಹೊಂದಿಸಿ. ನಡುಗುತ್ತಿದ್ದರೆ ಸ್ಟಿಕ್ ಬುಡದ ರಬ್ಬರ್ ಅಂಚನ್ನು ಟೂತ್‌ಪಿಕ್‌ನಿಂದ ಎತ್ತಿ ಕಾಂಟ್ಯಾಕ್ಟ್ ಕ್ಲೀನರ್ ಒಂದೇ ಒಂದು ಚಿಟಿಕೆ ಸಿಂಪಡಿಸಿ, ಸ್ಟಿಕ್ ತಿರುಗಿಸಿ, ಒಣಗಲು ಬಿಡಿ. ವಾರ, ತಿಂಗಳು ಎಳೆಯಬಹುದು. ಮತ್ತೆ ಮರುಕಳಿಸಿದರೆ ಸ್ಟಿಕ್ ಬದಲಿಸುವುದೊಂದೇ ದಾರಿ.

ಬದಲಿಸುವಾಗ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಹಿಂಬದಿಯ ನಾಲ್ಕು ಸ್ಕ್ರೂಗಳು ಮೂರು ಕವಲಿನವು, 1.5 ಮಿ.ಮೀ. ಟ್ರೈವಿಂಗ್ ಡ್ರೈವರೇ ಬೇಕು. ಮಾಮೂಲಿ ಡ್ರೈವರ್ ತುರುಕಿದರೆ ತಲೆ ಸವೆದು ಮುಗಿಯಿತು, ಅದರಲ್ಲೂ ಇಲ್ಲಿನ ತೇವಕ್ಕೆ ತುಕ್ಕು ಹಿಡಿದ ಸ್ಕ್ರೂ ಇನ್ನೂ ಮೊಂಡು. ಮುಚ್ಚಳವನ್ನು ಒಮ್ಮೆಲೇ ಎಳೆಯದೆ ನಿಧಾನ ಬಗ್ಗಿಸಿ ತೆರೆಯಿರಿ, ಒಳಗೆ ತೆಳುವಾದ ರಿಬ್ಬನ್‌ಗಳಿವೆ. ಬ್ಯಾಟರಿಯ ಕನೆಕ್ಟರ್ ಮೊದಲು ಬಿಡಿಸಿ, ನಡುವಿನ ಚೌಕಟ್ಟು ಪಕ್ಕಕ್ಕಿಟ್ಟು, ಸ್ಟಿಕ್‌ನ ರಿಬ್ಬನ್ ಹಿಡಿದಿರುವ ಪುಟ್ಟ ಅಗುಳಿಯನ್ನು ಮೇಲಕ್ಕೆತ್ತಿ. ಎರಡನೆಯ ಅಪಾಯ ಇದೇ: ಅಗುಳಿ ಎತ್ತದೆ ರಿಬ್ಬನ್ ಎಳೆದರೆ ಬೋರ್ಡೇ ಹೋಗುತ್ತದೆ. ಸ್ಟಿಕ್ ಹಿಡಿದಿರುವ ಎರಡು ಸ್ಕ್ರೂ ತೆಗೆದು ಹೊಸದನ್ನು ಕೂರಿಸಿ, ಕೊನೆಗೆ ಮತ್ತೆ ಕ್ಯಾಲಿಬ್ರೇಟ್ ಮಾಡಿ. ಕೊಳ್ಳುವುದಾದರೆ ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಸ್ಟಿಕ್ ಕೊಳ್ಳಿ. ಅಳತೆ ಮಾಡುವ ಜಾಗದಲ್ಲಿ ಉಜ್ಜುವ ಭಾಗವೇ ಇಲ್ಲ, ಸವೆಯುವ ಲೇಪವೂ ಇಲ್ಲ. ಲೈಟ್‌ನಲ್ಲಿ ಇದೇ ಕೆಲಸಕ್ಕೆ ಇಡೀ ಕನ್ಸೋಲ್ ಬಿಚ್ಚಬೇಕು. ಕೈ ಪಳಗಿಲ್ಲದವರು ಮುಟ್ಟದಿರುವುದು ಒಳ್ಳೆಯದು. ಸ್ವಿಚ್ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯಾಗಿಲ್ಲದ ಕಾರಣ ವಾರಂಟಿ ಎಂಬ ಮಾತು ಇಲ್ಲಿ ಏಳುವುದಿಲ್ಲ. ಕಾರ್ಡ್‌ಗಳಿಗೆ ದೇಶದ ಬೇಲಿ ಇಲ್ಲ ಎಂಬುದೊಂದು ಸಮಾಧಾನ. ದುಬೈಯಿಂದ ತಂದದ್ದೂ ನಡೆಯುತ್ತದೆ.

ಕಾರ್ಡ್ ಓದದಿರುವುದು, ಮತ್ತು ಒಲೆಯ ಅಟ್ಟ

ನಿಂಟೆಂಡೊ ಹೇಳುವ ಪ್ರಕಾರ ಸ್ವಿಚ್ ಬಳಸಬೇಕಾದದ್ದು 5ರಿಂದ 35 ಡಿಗ್ರಿ ಉಷ್ಣಾಂಶ, ಶೇ. 20ರಿಂದ 80 ತೇವಾಂಶದಲ್ಲಿ. ಉಷ್ಣಾಂಶದ್ದು ಕೊಡಗಿನಲ್ಲಿ ಚಿಂತೆಯಿಲ್ಲ. ತೇವಾಂಶ ಮಾತ್ರ ಜುಲೈನಲ್ಲಿ ದಿನಗಟ್ಟಲೆ ಆ ಮೇಲಿನ ಗೆರೆ ದಾಟಿಯೇ ಇರುತ್ತದೆ. ಕಾರ್ಡ್‌ನ ಹಿಂಬದಿಯ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ತೆಳುವಾದ ಪದರ ಕೂತು ‘ಗೇಮ್ ಕಾರ್ಡ್ ಓದಲಾಗುತ್ತಿಲ್ಲ’ ಎಂದು ಬರುತ್ತಿದ್ದದ್ದು ಇದರಿಂದ. ಮಕ್ಕಳು ಬಾಯಿಂದ ಊದುತ್ತಿದ್ದರು, ಅಂದರೆ ಇನ್ನಷ್ಟು ತೇವ. ಇನ್ನೊಬ್ಬರು ರಬ್ಬರ್‌ನಿಂದ ಉಜ್ಜಲು ಹೊರಟಿದ್ದರು. ಲೇಪ ತೀರಾ ತೆಳು, ರಬ್ಬರಿನ ಚೂರು ಸ್ಲಾಟಿನೊಳಗೂ ಹೋಗುತ್ತದೆ. ಹತ್ತಿಯ ಕಡ್ಡಿಗೆ ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್ ತುಸುವೇ ತಾಗಿಸಿ ಒಂದೇ ದಿಕ್ಕಿಗೆ ಒರೆಸಿ, ಹತ್ತು ನಿಮಿಷ ಒಣಗಿಸಿ, ಕಾರ್ಡನ್ನು ನಾಲ್ಕೈದು ಸಲ ಹಾಕಿ ತೆಗೆದರೆ ಸ್ಲಾಟಿನ ಸಂಪರ್ಕವೂ ಸ್ವಚ್ಛವಾಗುತ್ತದೆ. ಕೆಲಸದ ನಂತರ ಬೆರಳು ಬಾಯಿಗೆ ಇಟ್ಟರೆ ವಿಪರೀತ ಕಹಿ: ಮಕ್ಕಳು ನುಂಗದಿರಲೆಂದು ಕಾರ್ಡ್‌ಗೆ ಡೆನಟೋನಿಯಂ ಬೆಂಜೊಯೇಟ್ ಬಳಿದಿರುತ್ತಾರೆ.

ಬೆಚ್ಚಗಿರಲಿ ಎಂದು ಮನೆಯವರು ಕನ್ಸೋಲ್‌ಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಮಾಂಸ ಒಣಗಿಸಲು, ಬುಟ್ಟಿಗೆ ಹುಳು ಬೀಳದಂತೆ ಕಾಯಲು ಆ ಜಾಗ ಹೇಳಿ ಮಾಡಿಸಿದ್ದು. ಫ್ಯಾನ್ ಇರುವ ಯಂತ್ರಕ್ಕೆ ಅಲ್ಲ. ಹೊಗೆಯ ಜಿಡ್ಡು ಗಾಳಿ ಹೋಗುವ ಕಿಂಡಿಯಲ್ಲಿ ಹತ್ತಿ, ಅದರ ಮೇಲೆ ಧೂಳು ಕೂತು, ಮೂಲ ಸ್ವಿಚ್‌ನ ಫ್ಯಾನ್ ಗೊರಗುಟ್ಟುತ್ತಿತ್ತು. ಅದರ ಬದಲು ರಬ್ಬರ್ ಅಂಚಿನ ಮುಚ್ಚಳವಿರುವ ಐದಾರು ಲೀಟರ್ ಡಬ್ಬಿ, ಒಳಗೆ ಬಟ್ಟೆ ಚೀಲದಲ್ಲಿ 200 ಗ್ರಾಂ ಸಿಲಿಕಾ ಜೆಲ್ (ತೇವ ಹೀರುವ ಹರಳು), ಒಂದು ಸಣ್ಣ ತೇವಾಂಶ ಮಾಪಕ. ಶೇ. 40ರಿಂದ 50 ತೋರಿಸಿದರೆ ಸಾಕು. ಕಿತ್ತಳೆ ಬಣ್ಣದ ಜೆಲ್ ಹಸಿರಾದಾಗ ಒವನ್‌ನಲ್ಲಿ 110 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಸಿದ್ಧ. ಅಕ್ಕಿಯಲ್ಲಿ ಹೂತಿಡುವ ಮದ್ದು ಬೇಡ. ಹಿಟ್ಟಿನ ಪುಡಿ ಸ್ಲಾಟಿಗೆ ಹೋಗುತ್ತದೆ. ಅತಿಥಿಗಳಿಲ್ಲದ ತಿಂಗಳುಗಳಲ್ಲಿ ಬ್ಯಾಟರಿ ಅರ್ಧ ತುಂಬಿಸಿ ಇಡಿ, ಆರು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿ.

ಕೊನೆಗೆ ಏನು ಮಾಡಿದರು

ಮಾರಲಿಲ್ಲ. ಲೈಟ್ ಕೊಟ್ಟು, ಮೇಲೆ ದುಡ್ಡು ಸೇರಿಸಿ, ಎಕ್ಸ್‌ಕೆಡಬ್ಲ್ಯು ಸೀರಿಯಲ್‌ನ ಇನ್ನೊಂದು ಸ್ವಿಚ್ ತಂದರು. ಫಿಫಾ 20ರ ಕಾರ್ಡ್ ಬದಲಿಗೆ 21ರ ಇನ್ನೊಂದು ಕಾರ್ಡ್ ಬಂತು. ಫಿಫಾ 23ರವರೆಗಿನ ಆಟಗಳನ್ನು ಇಎ 2023ರಲ್ಲಿ ಡಿಜಿಟಲ್ ಅಂಗಡಿಗಳಿಂದ ತೆಗೆದುಹಾಕಿದ್ದರಿಂದ ಕಾರ್ಡ್ ಹುಡುಕುವುದೊಂದೇ ಉಪಾಯವಾಗಿತ್ತು. ಎಡ ಜಾಯ್‌ಕಾನ್‌ಗೆ ಹಾಲ್ ಎಫೆಕ್ಟ್ ಸ್ಟಿಕ್ ಬಿತ್ತು.

ಹೊಸ ಹೆಸರಿನಲ್ಲಿ, ಅಂದರೆ ಇಎ ಸ್ಪೋರ್ಟ್ಸ್ ಎಫ್‌ಸಿ 24 ಎಂದು, 2023ರ ಸೆಪ್ಟೆಂಬರ್‌ನಲ್ಲಿ ಬಂದ ಆಟ ಸ್ವಿಚ್‌ನಲ್ಲೂ ಫ್ರಾಸ್ಟ್‌ಬೈಟ್‌ಗೆ ದಾಟಿತು, ‘ಲೆಗಸಿ’ ಹಣೆಪಟ್ಟಿ ಹೋಯಿತು. ಬ್ಲಾಸ್ಟರ್ಸ್ ಬೇಕೆನ್ನುವ ಹುಡುಗರಿಗೆ ಅದೇ ಸರಿ. ಆದರೆ ಕನ್ಸೋಲ್‌ನ 32 ಜಿಬಿಯಲ್ಲಿ ಬಳಕೆಗೆ ಸಿಗುವುದು 26 ಜಿಬಿಯ ಆಸುಪಾಸು. ಹೊಸ ಆಟ, ಅಪ್‌ಡೇಟ್ ಎಂದರೆ ಮೆಮೊರಿ ಕಾರ್ಡ್ ಹಾಕಲೇಬೇಕು, ಒಳ್ಳೆಯ ನೆಟ್ ಇರುವ ಕಡೆ ಒಂದು ರಾತ್ರಿ ಬಿಡಬೇಕು. ಅದನ್ನು ಪುತ್ತರಿ ಹಬ್ಬಕ್ಕೆ ಮಗ ಮೈಸೂರಿನ ಹಾಸ್ಟೆಲ್‌ನಿಂದ ಬರುವಾಗ ಮಾಡಿಕೊಂಡು ಬರಲಿ ಎಂದು ಬಿಟ್ಟಿದ್ದಾರೆ. 128 ಜಿಬಿಯ ಮೆಮೊರಿ ಕಾರ್ಡ್ ಈಗಾಗಲೇ ಅವನ ಕೈ ಸೇರಿದೆ.